ಐದನೇ ಪುಟದ ಎರಡು ಸಾಲು

ಪ್ರಿಯ ಗೆಳೆಯರೇ,

ನಿಮ್ಮ ಲೇಖನ ತಲುಪಿತು. ಎರಡು ಸಲ ಓದಿದೆ. ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಒಪ್ಪಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೀವು ಬರೆದಿರುವುದು ಮರಿಲಿಯನ್ ಅನ್ನುವ ಇಂಗ್ಲೆಂಡಿನ ರಾಕ್ ತಂಡ 1985ರಲ್ಲಿ ತಂದ 'ಮಿಸ್‌ಪ್ಲೇಸ್ಡ್ ಚೈಲ್ಡ್‌ಹುಡ್' ಆಲ್ಬಂ ಬಗ್ಗೆ. ಅದರ ಗಾಯಕ ಫಿಶ್ ಅವರ ಮುರಿದ ಪ್ರೀತಿಯಿಂದ ಬಂದ ಹಾಡುಗಳು, ನಿಮ್ಮ ಪ್ರೀತಿ ಮುರಿದ ವರ್ಷ ನಿಮ್ಮ ಜೊತೆಗಿದ್ದವು ಅನ್ನುತ್ತೀರಿ. ಲಂಡನ್ನಿಗೆ ಹತ್ತಿರದ ಏಲ್ಸ್‌ಬರಿ ಅನ್ನುವ ಪೇಟೆ ಊರಿನ ತಂಡ ಅದು. ಬೆಂಗಳೂರಿಗೆ ನಮ್ಮ ತುಮಕೂರು ಇದ್ದ ಹಾಗೆ. ಗುಬ್ಬಿಯಿಂದ ದಿನಾ ರೈಲಿನಲ್ಲಿ ಓಡಾಡುವ ಹುಡುಗನೊಬ್ಬ ಅದರ ಬಗ್ಗೆ ಕನ್ನಡದಲ್ಲಿ ಬರೆದಿದ್ದು ನನಗೆ ನಿಜಕ್ಕೂ ಖುಷಿ ಕೊಟ್ಟಿತು.

ಮೊದಲು ಒಂದು ಪದ. 'ಪ್ರಗತಿಪರ ರಾಕ್' ಅಂತ ಬರೆದಿದ್ದೀರಿ. ನಮ್ಮ ಓದುಗರಿಗೆ ಪ್ರಗತಿಪರ ಅಂದರೆ ಚಳವಳಿ, ಪ್ರಗತಿಶೀಲ ಅಂದರೆ ಅನಕೃ. 'ಪ್ರೋಗ್ರೆಸಿವ್ ರಾಕ್' ಅಂತಲೇ ಇರಲಿ. ಏನದು ಅಂತ ಎರಡು ಸಾಲಿನಲ್ಲಿ ಬಿಡಿಸಿ ಹೇಳಿದರೆ ಸಾಕು. 1960ರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಬೆಳೆದದ್ದು. ಮೂರು ನಿಮಿಷದ ಹಾಡು ಸಾಲದು ಅಂತ ರಾಕ್ ಜೊತೆ ಜಾಝ್, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಬೆರೆಸಿ ಹಾಡನ್ನು ಹಿಗ್ಗಿಸಿದ್ದು. ಈ ಆಲ್ಬಮ್ಮಿನಲ್ಲಂತೂ ಹರಿಕಥೆಯ ಹಾಗೆ ಒಂದು ಹಾಡು ಇನ್ನೊಂದಕ್ಕೆ ಜಾರಿಕೊಂಡೇ ಹೋಗುತ್ತದೆ.

ತಾಳಕ್ಕೆ ಪೂರ್ತಿ ಒಂದು ಪುಟ ಕೊಟ್ಟಿದ್ದೀರಿ. ಪ್ರೋಗ್ರೆಸಿವ್ ರಾಕ್‌ನ ಏಳು ಎಣಿಕೆ 'ನಮ್ಮ ಕಿವಿಗೆ ವಿಚಿತ್ರ' ಅಂದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಏಳು ಅಂದರೆ ಮಿಶ್ರ ಛಾಪು ಅಲ್ವಾ? ತಕಿಟ ತಕಧಿಮಿ. ರಾಮನವಮಿ ಕಚೇರಿಯಲ್ಲಿ ಅಜ್ಜಿಯರು ತೊಡೆ ತಟ್ಟುತ್ತಾ ಕೂರುವುದು ಇದಕ್ಕೇ. ಐದು ಅಂದರೆ ಖಂಡ ಛಾಪು. ಇನ್ನೊಂದು ಸಂಗತಿ ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಈ ಆಲ್ಬಮ್ಮಿನಲ್ಲಿ ಎದೆ ಹಿಂಡುವ ಹಾಡು 'ಕೇಲೀ'. ಅದು ಇರುವುದು ಸೀದಾ ನಾಲ್ಕು ಎಣಿಕೆಯಲ್ಲಿ. ನೋವು ಹೇಳುವ ಹೊತ್ತಿಗೆ ಅವರು ಲೆಕ್ಕದ ಕಸರತ್ತು ಪಕ್ಕಕ್ಕಿಟ್ಟರು.

ಈಗ ನಾನು ಹೇಳಲೇಬೇಕಾದ ಮಾತು. ಲೇಖನದ ಅರ್ಧ ಬರೀ ಮಾಹಿತಿ. ಬರ್ಲಿನ್‌ನ ಹನ್ಸಾ ಸ್ಟುಡಿಯೋ, ಬ್ರಿಟನ್ನಿನಲ್ಲಿ ಆಲ್ಬಂ ಒಂದನೇ ಸ್ಥಾನ, 'ಕೇಲೀ' ಎರಡನೇ ಸ್ಥಾನ. ಎಲ್ಲ ಸರಿಯಾಗೇ ಇದೆ. ಉಳಿದರ್ಧ ದೂರು. ಅವಳು ಫೋನ್ ತೆಗೆಯಲಿಲ್ಲ, ಅವಳ ಅಣ್ಣ ಬೈದ, ಬೆಂಗಳೂರಿಗೆ ಹೋದ ಮೇಲೆ ಅವಳು ಬದಲಾದಳು. ಆದರೆ 'ಕೇಲೀ'ಯಲ್ಲಿ ಫಿಶ್ ದೂರುವುದಿಲ್ಲ, ಕ್ಷಮೆ ಕೇಳುತ್ತಾರೆ. ತಾನು ನೋಯಿಸಿದವರಿಗೆ ಕೇಳಿದ ಕ್ಷಮೆ ಅದು ಅಂತ ಅವರೇ ಹೇಳಿಕೊಂಡಿದ್ದಾರೆ. ನಿಮ್ಮ ಏಳು ಪುಟದಲ್ಲಿ ನಿಮ್ಮ ತಪ್ಪು ಒಂದೂ ಇಲ್ಲ. ಆ ಹಾಡು ಅಷ್ಟು ಸಲ ಕೇಳಿದವರು ಇದನ್ನು ಹೇಗೆ ಬಿಟ್ಟಿರಿ? ಓದುತ್ತಾ ನನಗೆ ನಿಮಗಿಂತ ಆ ಹುಡುಗಿಯ ಬಗ್ಗೆಯೇ ಮರುಕ ಹುಟ್ಟಿತು.

ಅವರ ನಿಜ ಹೆಸರು, ಕಾಲೇಜು, ಮನೆಯಿರುವ ಬೀದಿ, ಎಲ್ಲ ಹಾಕಿದ್ದೀರಿ. ದಯವಿಟ್ಟು ತೆಗೆಯಿರಿ. ಪತ್ರಿಕೆ ಬೆಳಿಗ್ಗೆ ಬಂದರೆ ಸಂಜೆಯೊಳಗೆ ಅವರ ಮನೆಗೆ ಸುದ್ದಿ ಮುಟ್ಟುತ್ತದೆ. ಫಿಶ್ ಕೂಡ ಹಳೆಯ ಗೆಳತಿಯ ಹೆಸರನ್ನು ಸ್ವಲ್ಪ ಬದಲಿಸಿಯೇ ಹಾಡಿಗೆ ಇಟ್ಟರು. ಆಮೇಲೆ ಬ್ರಿಟನ್ನಿನಲ್ಲಿ ಎಷ್ಟೋ ಹೆಣ್ಣುಮಕ್ಕಳಿಗೆ ಆ ಹಾಡಿನ ಹೆಸರನ್ನೇ ಇಟ್ಟರು.

ಇನ್ನು ಐದನೇ ಪುಟ. ಅಲ್ಲಿ ನೀವು ಬರೆದಿದ್ದೀರಿ: 'ಅಮಾನಿಕೆರೆ ಏರಿ ಮೇಲೆ ಒಂದೇ ಇಯರ್‌ಫೋನ್ ಹಂಚಿಕೊಂಡು ಕೇಳುತ್ತಿದ್ದೆವು, ಎಡಗಡೆಯದು ಅವಳಿಗೆ, ಬಲಗಡೆಯದು ನನಗೆ. ಈಗ ಎರಡೂ ಕಿವಿಗೆ ಹಾಕಿಕೊಂಡರೆ ಅವಳು ಕೇಳುತ್ತಿದ್ದ ಅರ್ಧ ಹಾಡು ಮೊದಲ ಸಲ ನನಗೆ ಕೇಳುತ್ತದೆ.'

ಈ ಎರಡು ಸಾಲು ಓದಿ ಕಾಗದ ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ. ಅವರ ಕಿವಿಯಲ್ಲಿ ಏನಿತ್ತು ಅಂತ ನಿಮಗೆ ಇಷ್ಟು ದಿನ ಗೊತ್ತೇ ಇರಲಿಲ್ಲ. ನಿಮ್ಮ ಲೇಖನ ಇರುವುದು ಇಲ್ಲೇ. ಆದರೆ ನೀವು ಮರುಸಾಲಿಗೇ ಬರ್ಲಿನ್‌ಗೆ ಓಡಿಬಿಟ್ಟಿರಿ. ಅಲ್ಲೇ ಏರಿ ಮೇಲೆ ಕೂತಿರಿ. ಆ ಎಡಗಡೆಯಲ್ಲಿ ಏನು ಕೇಳಿತು? ಗಿಟಾರೋ, ಕೀಬೋರ್ಡೋ? ಅವರು ಯಾವ ಜಾಗಕ್ಕೆ ತಲೆದೂಗುತ್ತಿದ್ದರು, ನಿಮಗೇಕೆ ಆಗ ಅರ್ಥವಾಗಲಿಲ್ಲ?

ಇನ್ನೊಂದು ಎಳೆಯನ್ನೂ ಅಲ್ಲೇ ಕೈಬಿಟ್ಟಿದ್ದೀರಿ. 'ಕೇಲೀ' ಮುಗಿಯುತ್ತಿದ್ದಂತೆ ಆಲ್ಬಂ 'ಲ್ಯಾವೆಂಡರ್'ಗೆ ಹೊರಳುತ್ತದೆ. ಇಂಗ್ಲೆಂಡಿನ ಮಕ್ಕಳು ಹಾಡುವ ಹಳೆಯ ಹಾಡೊಂದು ಅದರಲ್ಲಿ ಸೇರಿಕೊಂಡಿದೆ. ಪ್ರೀತಿ ಮುರಿದವನು ಬಾಲ್ಯಕ್ಕೆ ಓಡುತ್ತಾನೆ. ಮೂರನೇ ಪುಟದಲ್ಲಿ ನಿಮ್ಮಜ್ಜಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಾ ಹಾಡಿಕೊಳ್ಳುತ್ತಿದ್ದ ಪದದ ಮಾತು ಬಂದು ಹೋಗುತ್ತದೆ. ಆ ಪದವನ್ನು ತಂದು ಇಲ್ಲಿ ಇಡಿ. ಯಾಕೆ ಅಂತ ವಿವರಿಸಬೇಡಿ.

ಕಡೆಯ ದಿನ ಅವರು ನಿಮ್ಮನ್ನು ಒಂದು ಮಾತು ಕೇಳಿದರು, ನೀವು ಉತ್ತರ ಕೊಡಲಿಲ್ಲ ಅಂತ ಬರೆದಿದ್ದೀರಿ. ಏನು ಕೇಳಿದರು ಅಂತ ಎಲ್ಲೂ ಇಲ್ಲ. ಅದು ಬೇಕು. ಕಷ್ಟ ಆಗುತ್ತದೆ, ಗೊತ್ತು. ಆದರೂ ಬರೆಯಿರಿ.

ಏಳು ಪುಟ ನಾಲ್ಕಾದರೂ ಚಿಂತೆಯಿಲ್ಲ. ಕೈಬರಹವೇ ಆಗಲಿ, ಹಾಳೆಯ ಒಂದೇ ಬದಿಯಲ್ಲಿ ಬರೆದು ಕಳಿಸಿ. ಯುಗಾದಿ ಸಂಚಿಕೆಯಲ್ಲಿ ಜಾಗ ಇಟ್ಟುಕೊಂಡು ಕಾಯುತ್ತಿರುತ್ತೇನೆ.

ನಿಮ್ಮ,
ಸಂಪಾದಕ