ಒಂದೇ ಇಮೇಜ್ ಹಲವು ಕ್ಲೌಡ್‌ಗಳಲ್ಲಿ ಬೂಟ್ ಆಗಬೇಕಾದರೆ

ಪ್ರಶ್ನೆ: ನಮ್ಮ ಸಂಸ್ಥೆಯ ಲಿನಕ್ಸ್ ಸರ್ವರ್‌ಗಳು ಅಮೆಜಾನ್‌ನ ಕ್ಲೌಡ್ ಎಡಬ್ಲ್ಯೂಎಸ್‌ನಲ್ಲಿವೆ. ಅದರ ಡಿಸ್ಕ್ ಇಮೇಜನ್ನು (ಡಿಸ್ಕಿನ ಪೂರ್ಣ ನಕಲನ್ನು) ವಿಎಚ್‌ಡಿ ಎಂಬ ಸ್ವರೂಪಕ್ಕೆ ಪರಿವರ್ತಿಸಿ ಮೈಕ್ರೋಸಾಫ್ಟ್‌ನ ಕ್ಲೌಡ್ ಅಜೂರ್‌ಗೆ ಅಪ್‌ಲೋಡ್ ಮಾಡಿದೆವು. ಲಿನಕ್ಸ್‌ನ ತಿರುಳಾದ ಕರ್ನಲ್ ಶುರುವಾದರೂ, ವ್ಯವಸ್ಥೆಯ ಕಡತಗಳಿರುವ ರೂಟ್ ಡಿಸ್ಕ್ ಸಿಗದೆ ಬೂಟ್ ಅಲ್ಲಿಗೇ ನಿಲ್ಲುತ್ತದೆ. ಪರಿವರ್ತನೆಯಲ್ಲಿ ದೋಷವಿದೆಯೇ?

ಉತ್ತರ: ಕರ್ನಲ್ ಶುರುವಾಗಿದೆ ಎಂದ ಮೇಲೆ ಪರಿವರ್ತನೆಯನ್ನು ದೂರುವಂತಿಲ್ಲ. ತೊಡಕು ಇರುವುದು ಬಹುಮಟ್ಟಿಗೆ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ, ಅಂದರೆ ರೂಟ್ ಡಿಸ್ಕ್ ಸಿಗುವವರೆಗೆ ಕರ್ನಲ್ ಬಳಸುವ ಪುಟ್ಟ ತಾತ್ಕಾಲಿಕ ಕಡತವ್ಯವಸ್ಥೆಯಲ್ಲಿ. ರೆಡ್ ಹ್ಯಾಟ್ ಬಳಗದ ಲಿನಕ್ಸ್‌ಗಳಲ್ಲಿ ಅದನ್ನು ಕಟ್ಟುವ ಡ್ರಾಕಟ್ ಎಂಬ ಸಾಧನ, ತಾನು ಓಡುತ್ತಿರುವ ಯಂತ್ರಕ್ಕೆ ಬೇಕಾದ ಡ್ರೈವರ್‌ಗಳನ್ನಷ್ಟೇ ಸೇರಿಸುವುದು ವಾಡಿಕೆ. ಎಡಬ್ಲ್ಯೂಎಸ್‌ನ ನೈಟ್ರೋ ವ್ಯವಸ್ಥೆಯ ಯಂತ್ರಗಳಲ್ಲಿ ಡಿಸ್ಕ್ ಎನ್‌ವಿಎಂಇ ಎಂಬ ಸಂಪರ್ಕದ ಮೂಲಕವೂ ನೆಟ್‌ವರ್ಕ್ ಇಎನ್‌ಎ ಎಂಬ ಅಡಾಪ್ಟರಿನ ಮೂಲಕವೂ ಒದಗುತ್ತದೆ. ಅಜೂರ್‌ನ ಬುಡದಲ್ಲಿರುವುದು ವರ್ಚುವಲ್ ಯಂತ್ರಗಳನ್ನು ನಡೆಸುವ ಮೈಕ್ರೋಸಾಫ್ಟ್‌ನ ಹೈಪರ್-ವಿ ತಂತ್ರಾಂಶ ಆದ್ದರಿಂದ, ಎನ್‌ವಿಎಂಇ ಒದಗಿಸುವ ಕೆಲವು ಹೊಸ ಮಾದರಿಗಳನ್ನು ಬಿಟ್ಟರೆ, ಡಿಸ್ಕ್ ಕಾಣಿಸಲು ಸ್ಟೋರ್‌ವಿಎಸ್‌ಸಿ ಡ್ರೈವರ್ ಇರಲೇಬೇಕು. ಗೂಗಲ್ ಕ್ಲೌಡ್‌ನಲ್ಲಿ ಡಿಸ್ಕ್ ಮತ್ತು ನೆಟ್‌ವರ್ಕಿಗಾಗಿ, ಯಂತ್ರದ ಮಾದರಿಗೆ ತಕ್ಕಂತೆ, ವರ್ಟ್‌ಐಒ ಮತ್ತು ಜಿವಿನಿಕ್ ಡ್ರೈವರ್‌ಗಳೂ ಬೇಕಾಗುತ್ತವೆ. ಎಡಬ್ಲ್ಯೂಎಸ್‌ನ ಹಳೆಯ ಯಂತ್ರದಲ್ಲಿಯೇ ಡ್ರಾಕಟ್‌ನ ಹೋಸ್ಟ್‌ಓನ್ಲಿ (ಈ ಯಂತ್ರಕ್ಕಷ್ಟೇ) ಆಯ್ಕೆಯನ್ನು ತೆಗೆದು ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟಿ, ಅನಂತರ ಪರಿವರ್ತಿಸಿ. ಗಾತ್ರ ಹಿಗ್ಗುತ್ತದೆ, ಚಿಂತೆ ಬೇಡ.

ಇದಾದ ಮೇಲೂ ಬೂಟ್ ನಿಂತರೆ ಡಿಸ್ಕ್‌ಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್ ಮತ್ತು ಬೂಟ್ ನಡೆಸುವ ಗ್ರಬ್‌ನ ಕಡತಗಳನ್ನು ನೋಡಿ. ಅಲ್ಲಿ ಎನ್‌ವಿಎಂಇ0ಎನ್1 ಎಂಬಂಥ ಸಾಧನದ ಹೆಸರಿದ್ದರೆ, ಅದೇ ಡಿಸ್ಕ್ ಇನ್ನೊಂದೆಡೆ ಎಸ್‌ಡಿಎ ಎಂದು ಕಾಣಿಸಿಕೊಂಡಾಗ ಎಲ್ಲವೂ ತಪ್ಪುತ್ತದೆ. ಆದ್ದರಿಂದ ಎಲ್ಲಿಗೆ ಹೋದರೂ ಬದಲಾಗದ ಗುರುತಾದ ಯುಯುಐಡಿ ಬಳಸಿ. ಬೂಟ್ ಸಂದೇಶಗಳು ಬರುವ ಸೀರಿಯಲ್ ಕನ್ಸೋಲನ್ನು ಟಿಟಿವೈಎಸ್0 ಎಂಬ ಪೋರ್ಟಿಗೆ ತಿರುಗಿಸುವುದನ್ನು ಮರೆತರೆ ದೋಷದ ಸಂದೇಶವೇ ನಿಮಗೆ ಕಾಣಿಸದೆ ಹೋಗಬಹುದು.

ಬೂಟ್ ಆದ ಮೇಲಿನ ಹೊಣೆ, ಯಂತ್ರವನ್ನು ಆಯಾ ಕ್ಲೌಡ್‌ಗೆ ಹೊಂದಿಸುವ ಕ್ಲೌಡ್-ಇನಿಟ್ ಎಂಬ ತಂತ್ರಾಂಶದ್ದು. ಈ ಮೂರೂ ಕ್ಲೌಡ್‌ಗಳು ಯಂತ್ರದ ವಿವರಗಳನ್ನು 169.254.169.254 ಎಂಬ ಒಂದೇ ವಿಳಾಸದಲ್ಲಿ ಒದಗಿಸಿದರೂ ಕೇಳುವ ರೀತಿ ಬೇರೆ ಬೇರೆ: ಎಡಬ್ಲ್ಯೂಎಸ್‌ನ ಈ ಸೇವೆಯ ಎರಡನೆಯ ಆವೃತ್ತಿ ಮೊದಲು ಟೋಕನ್ ಪಡೆಯಬೇಕೆನ್ನುತ್ತದೆ, ಉಳಿದೆರಡು ಕೋರಿಕೆಯ ಜೊತೆ ತಮ್ಮದೇ ಹೆಡರ್ (ತಲೆಬರಹದ ಸಾಲು) ಕೇಳುತ್ತವೆ. ತಾನು ಎಲ್ಲಿದ್ದೇನೆಂದು ಕ್ಲೌಡ್-ಇನಿಟ್ ತಾನಾಗಿಯೇ ಗುರುತಿಸಬಲ್ಲದು, ಆದರೆ ಸಂರಚನೆಯಲ್ಲಿ ಡೇಟಾಸೋರ್ಸ್ (ವಿವರಗಳ ಮೂಲ) ಪಟ್ಟಿಯನ್ನು ಎಡಬ್ಲ್ಯೂಎಸ್‌ನ ಇಸಿ2 ಒಂದಕ್ಕೇ ಕಟ್ಟಿಹಾಕಿದ್ದರೆ ಆ ಜಾಣ್ಮೆಗೆ ಅವಕಾಶವೇ ಇರುವುದಿಲ್ಲ. ಅಜೂರ್‌ನಲ್ಲಿ ಯಂತ್ರವು ತಾನು ಸಿದ್ಧವೆಂದು ವರದಿ ಮಾಡದಿದ್ದರೆ, ಒಳಗೆ ಎಲ್ಲ ಸರಿಯಿದ್ದರೂ ಸ್ಥಾಪನೆ ವಿಫಲವೆಂದೇ ದಾಖಲಾಗುತ್ತದೆ.

ಇಮೇಜ್ ತೆಗೆಯುವ ಮುನ್ನ ಯಂತ್ರದ ಗುರುತಿರುವ ಮೆಷೀನ್-ಐಡಿ ಕಡತವನ್ನು ಖಾಲಿ ಮಾಡಿ, ಎಸ್‌ಎಸ್‌ಎಚ್ ಹೋಸ್ಟ್ ಕೀಗಳನ್ನೂ ಹಳೆಯ ಮ್ಯಾಕ್ ವಿಳಾಸ ಹೊತ್ತ ನೆಟ್‌ವರ್ಕ್ ಕಡತಗಳನ್ನೂ ಅಳಿಸಿ. ಹೋಸ್ಟ್ ಕೀಗಳು ಉಳಿದರೆ ಆ ಇಮೇಜಿನಿಂದ ಹುಟ್ಟುವ ಸರ್ವರ್‌ಗಳೆಲ್ಲ ಒಂದೇ ಗುರುತನ್ನು ಹಂಚಿಕೊಳ್ಳುತ್ತವೆ, ಇದು ಭದ್ರತೆಯ ಲೋಪ.

ಡಿಸ್ಕ್ ಸ್ವರೂಪದ ಮಾತು ಚಿಕ್ಕದು. ಅಜೂರ್‌ಗೆ ಸ್ಥಿರ ಗಾತ್ರದ, 1 ಎಂಐಬಿಯ ಗುಣಕಕ್ಕೆ ಹೊಂದಿದ ವಿಎಚ್‌ಡಿ ಬೇಕು, ಗೂಗಲ್‌ಗೆ ಡಿಸ್ಕ್.ರಾ ಎಂಬ ಹೆಸರಿನ ಕಡತವನ್ನು ಟಾರ್ ಮಾಡಿ ಜಿಜಿಪ್‌ನಿಂದ ಕುಗ್ಗಿಸಿ ಕೊಡಬೇಕು. ಅಜೂರ್‌ನ ಮೊದಲ ತಲೆಮಾರಿನ ಯಂತ್ರಗಳು ಹಳೆಯ ಬಯಾಸ್‌ನಿಂದ, ಎರಡನೆಯವು ಅದರ ಬದಲಿಗೆ ಬಂದ ಯುಇಎಫ್‌ಐನಿಂದ ಬೂಟ್ ಆಗುವುದರಿಂದ, ಜಿಪಿಟಿ ಎಂಬ ವಿಭಜನಾ ಪದ್ಧತಿಯ ಡಿಸ್ಕಿನಲ್ಲಿ ಎರಡಕ್ಕೂ ಬೇಕಾದ ಪಾರ್ಟಿಷನ್‌ಗಳನ್ನು ಮೊದಲೇ ಇಟ್ಟುಬಿಡುವುದು ಲೇಸು.

ಇಷ್ಟು ಹೇಳಿದರೂ, ಬಳಕೆಯಲ್ಲಿರುವ ಸರ್ವರಿನ ಡಿಸ್ಕನ್ನೇ ಹೊತ್ತೊಯ್ಯುವುದು ನನಗೆ ಒಪ್ಪಿಗೆಯಲ್ಲ, ಏಕೆಂದರೆ ಅದರೊಳಗೆ ಯಾರು ಯಾವಾಗ ಏನು ಬದಲಿಸಿದ್ದಾರೆಂಬುದಕ್ಕೆ ಲೆಕ್ಕವಿರುವುದಿಲ್ಲ. ಪ್ಯಾಕರ್‌ನಂಥ ಸಾಧನದಲ್ಲಿ ಒಂದೇ ಸ್ಕ್ರಿಪ್ಟ್ ಬರೆದಿಟ್ಟು, ಪ್ರತಿ ಕ್ಲೌಡ್‌ಗೂ ಅದರಿಂದಲೇ ಹೊಸದಾಗಿ ಇಮೇಜ್ ಕಟ್ಟಿಸಿ. ಮುಂದೆ ಎಡಬ್ಲ್ಯೂಎಸ್‌ನ ಗ್ರಾವಿಟಾನ್‌ನಂಥ ಆರ್ಮ್ ಪ್ರೊಸೆಸರಿನ ಯಂತ್ರಗಳಿಗೆ ಹೋಗುವುದಾದರೆ ಬೇರೆ ದಾರಿಯೂ ಇಲ್ಲ: ಇಂಟೆಲ್, ಎಎಂಡಿ ಬಗೆಯ ಎಕ್ಸ್86 ಪ್ರೊಸೆಸರಿಗಾಗಿ ಕಟ್ಟಿದ ಇಮೇಜನ್ನು ಯಾವ ಸ್ವರೂಪಕ್ಕೆ ಪರಿವರ್ತಿಸಿದರೂ ಅದು ಅಲ್ಲಿ ಬೂಟ್ ಆಗುವುದಿಲ್ಲ.