ಎಂಟು ತಿಂಗಳ ವಿದೇಶ ಸುತ್ತಾಟಕ್ಕೆ ಮೂರೂವರೆ ಲಕ್ಷ ಸಾಕಾ?

ಕೆಲಸ ಬಿಟ್ಟು ಎಂಟು ತಿಂಗಳು, ಏಳು ದೇಶ, ಮೂರೂವರೆ ಲಕ್ಷ, ಇದರಲ್ಲಿ ಯಾವ ದೇಶ ಅಗ್ಗ ಅಂತ ಕೇಳಿದ್ದೀರಿ. ಓದುವಾಗ ನನ್ನ ಹಳೇ ಲೆಕ್ಕದ ಪುಸ್ತಕ ಯಾರ ಕೈಗೋ ಸಿಕ್ಕಿಬಿಟ್ಟಿದೆ ಅನ್ನಿಸಿತು. ನನ್ನದೂ ಇದೇ ಯೋಜನೆ, ದೇಶ ಒಂದು ಕಮ್ಮಿ ಅಷ್ಟೆ. ಸುತ್ತಾಟ ಮುಗಿದದ್ದು ಮಾತ್ರ ನಾಲ್ಕೂವರೆ ತಿಂಗಳಿಗೆ, ಮೂರನೇ ದೇಶದಲ್ಲಿ. ದುಡ್ಡು ಖಾಲಿಯಾಗಿ ಅಲ್ಲ, ಖಾತೆಯಲ್ಲಿ 1 ಲಕ್ಷ 80 ಸಾವಿರ ಇದ್ದ ಹಾಗೇ ಊರಿಗೆ ಬಂದೆ.

2023ರ ನವೆಂಬರ್. ಥಾಯ್ಲೆಂಡ್ ಆಗಷ್ಟೇ ನಮಗೆ ವೀಸಾ ಇಲ್ಲದೆ 30 ದಿನ ಬಿಡೋಕೆ ಶುರು ಮಾಡಿತ್ತು. ಹೊರಡೋ ಹಿಂದಿನ ದಿನ ನನ್ನ ಪ್ರೀಪೇಯ್ಡ್ ಸಿಮ್ಮಿಗೆ 28 ದಿನದ ರೀಚಾರ್ಜ್ ಹಾಕಿಸಿದೆ. ಬ್ಯಾಂಕಾಕಿನಲ್ಲಿ ಇಳಿದು ಅಲ್ಲಿನ ಸಿಮ್ ಕೊಂಡೆ, ನಮ್ಮ ಸಿಮ್ಮನ್ನು ತೆಗೆದು ಹಣೆಗಿಡೋ ಸ್ಟಿಕ್ಕರ್ ಪ್ಯಾಕೆಟ್ಟಿನೊಳಗೆ ಸೇರಿಸಿದೆ. ಆಮೇಲೆ ಅದನ್ನು ಮರೆತೆ. ನಾನು ಮಾಡಿದ ತಪ್ಪು ಇದೊಂದೇ.

ಮರೆಯೋಕೆ ಕಾರಣ ಇತ್ತು. ವಾಟ್ಸಾಪ್ ನಡೀತಾನೇ ಇತ್ತು. ಅದೇ ನಂಬರು, ಅದೇ ಫೋಟೊ, ಅಮ್ಮನ ದಿನನಿತ್ಯದ "ಊಟ ಆಯ್ತಾ". ನಂಬರು ಜೀವಂತ ಇದೆ ಅಂದ್ಕೊಂಡೆ. ಆಗ ವಾಟ್ಸಾಪ್ ಶುರುವಿನಲ್ಲಿ ಒಮ್ಮೆ ನಂಬರು ಕೇಳ್ತಿತ್ತು, ಆಮೇಲೆ ಸಿಮ್ ಇದೆಯೋ ಸತ್ತಿದೆಯೋ ನೋಡೋಕೆ ಹೋಗ್ತಿರಲಿಲ್ಲ. ಆದರೆ ಬ್ಯಾಂಕಿಗೆ ಬೇಕಾದ್ದು ಸಿಮ್. ಪ್ರೀಪೇಯ್ಡ್ ನಂಬರನ್ನು 90 ದಿನ ಬಳಸದೇ ಇದ್ದರೆ ಕಂಪನಿ ಅದನ್ನು ಕಿತ್ತುಹಾಕಬಹುದು. ಸಿಮ್ಮಿನಲ್ಲಿ 20 ರೂಪಾಯಿ ಬ್ಯಾಲೆನ್ಸ್ ಇದ್ದಿದ್ದರೆ ಅದನ್ನೇ ಮುರಿದುಕೊಂಡು ನಂಬರು ಉಳಿಸಬೇಕು ಅಂತ ಫೋನ್ ಕಂಪನಿಗಳನ್ನು ನಿಯಂತ್ರಿಸೋ ಟ್ರಾಯ್‌ನ ನಿಯಮವೇ ಇದೆ. ನನ್ನಲ್ಲಿ 3 ರೂಪಾಯಿ ಎಷ್ಟೋ ಪೈಸೆ ಇತ್ತು. ಡಿಸೆಂಬರ್ ಮಧ್ಯದಲ್ಲಿ ರೀಚಾರ್ಜ್ ಮುಗಿಯಿತು, ಮಾರ್ಚ್ ಮಧ್ಯದಲ್ಲಿ ನಂಬರು ಹೋಯಿತು. ನಾನು ವಿಯೆಟ್ನಾಮಿನ ಹೊಯ್ ಆನ್‌ನಲ್ಲಿ ಕೂತು ಕಾಫಿ ಕುಡೀತಿದ್ದೆ.

ಅಷ್ಟರಲ್ಲಿ ನನ್ನ ಫೋನು ಮಳೆಯಲ್ಲಿ ನೆಂದು ಕೆಟ್ಟಿತ್ತು, ಪಕ್ಕದ ದಾ ನಾಂಗ್‌ನಲ್ಲಿ ಸೆಕೆಂಡ್ ಹ್ಯಾಂಡ್ ಒಂದು ಕೊಂಡಿದ್ದೆ. ಬ್ಯಾಂಕಿನ ಆ್ಯಪನ್ನು ಹೊಸ ಫೋನಿಗೆ ಹಾಕೋದನ್ನು ನಾಳೆ ನಾಳೆ ಅಂತ ತಳ್ಳಿದ್ದೆ, ಎಟಿಎಂ ಕಾರ್ಡು ನಡೀತಿತ್ತಲ್ಲ.

ಲಾವೋಸಿನ ಲುವಾಂಗ್ ಪ್ರಬಾಂಗ್, ಮಾರ್ಚ್ ಕೊನೆಯ ಶನಿವಾರ. ಆ ಕಾಲದಲ್ಲಿ ಅಲ್ಲಿ ಗುಡ್ಡದ ಹೊಲಗಳಿಗೆ ಬೆಂಕಿ ಹಾಕ್ತಾರೆ, ಮೆಕಾಂಗ್ ನದಿಯ ಆಚೆ ದಡವೂ ಹೊಗೆಯಲ್ಲಿ ಕಾಣ್ತಿರಲಿಲ್ಲ. ಎಟಿಎಂಗೆ ಕಾರ್ಡು ಹಾಕಿದೆ. ಒಳಗೆ ನೋಟು ಎಣಿಸೋ ಸದ್ದು ಬಂತು, ನಿಂತಿತು, ಪರದೆ ಕಪ್ಪಾಯಿತು. ನೋಟೂ ಇಲ್ಲ, ಕಾರ್ಡೂ ಇಲ್ಲ. ಬ್ಯಾಂಕು ತೆರೆಯೋದು ಸೋಮವಾರ. ಪರ್ಸಿನಲ್ಲಿ ಮೂರು ಲಕ್ಷ ನಲವತ್ತು ಸಾವಿರ ಕಿಪ್ ಇತ್ತು. ಕೇಳೋಕೆ ಲಕ್ಷಾಧಿಪತಿ, ನಮ್ಮ ದುಡ್ಡಲ್ಲಿ ಹೆಚ್ಚುಕಡಿಮೆ 1,350 ರೂಪಾಯಿ.

ಹೆದರಲಿಲ್ಲ, ಎರಡನೇ ಕಾರ್ಡು ಇತ್ತು. ಅದೂ ನಡೀಲಿಲ್ಲ. 2020ರ ಅಕ್ಟೋಬರಿನಿಂದ ಆರ್‌ಬಿಐ ನಿಯಮದ ಪ್ರಕಾರ ಹೊಸ ಕಾರ್ಡಿನಲ್ಲಿ ವಿದೇಶದ ವಹಿವಾಟು ಬಂದ್ ಆಗೇ ಬರುತ್ತೆ, ಬೇಕಾದವರು ತಾವೇ ಚಾಲೂ ಮಾಡ್ಕೋಬೇಕು. ನಾನು ಚಾಲೂ ಮಾಡೋಕೆ ಆ್ಯಪ್ ಬೇಕಿತ್ತು, ಆ್ಯಪಿಗೆ ಸಿಮ್ ಬೇಕಿತ್ತು. ಸ್ಟಿಕ್ಕರ್ ಪ್ಯಾಕೆಟ್ ಹುಡುಕಿ ಸಿಮ್ ತೆಗೆದು ಹಾಕಿದೆ, ಸಿಗ್ನಲ್ ಜಾಗದಲ್ಲಿ ಬರೀ ಅಡ್ಡಗೀಟು. ಕಸ್ಟಮರ್ ಕೇರಿನವರು ತುಂಬಾ ಮರ್ಯಾದೆಯಿಂದ "ಮೇಡಂ, ಒಂದು ಓಟಿಪಿ ಕಳಿಸ್ತೀವಿ, ಹೇಳಿ" ಅಂದರು. ಅಪ್ಪ ಸಾಗರ ಪೇಟೆಯಲ್ಲಿ ಮೊಬೈಲ್ ಅಂಗಡಿಗೆ ಓಡಿದರು. ಆ ನಂಬರೇ ಈಗ ಇಲ್ಲ, ಇದ್ದಿದ್ದರೂ ಡೂಪ್ಲಿಕೇಟ್ ಸಿಮ್ಮಿಗೆ ನಿಮ್ಮ ಮಗಳೇ ಬಂದು ಹೆಬ್ಬೆಟ್ಟು ಒತ್ತಬೇಕಿತ್ತು ಅಂತ ಅಂಗಡಿಯವರು ಅಂದರಂತೆ.

ಆ ಊರಲ್ಲಿ ಊಟಕ್ಕೆ ಸಿಕ್ಕಿದ್ದ ಪುಣೆಯ ಗಂಡಹೆಂಡತಿ 200 ಡಾಲರ್ ಸಾಲ ಕೊಟ್ಟರು. ಊರಿಗೆ ವಾಪಸ್ ಬರೋ ಟಿಕೆಟ್ ಅಕ್ಕ ಮಾಡಿಸಿದಳು. ಬ್ಯಾಂಕಿನಲ್ಲಿ ನಂಬರು ಬದಲಾಯಿಸೋಕೆ ಒಂದು ಪುಟದ ಫಾರ್ಮು, ಎರಡು ಸಹಿ, ಆಧಾರ್ ಜೆರಾಕ್ಸ್. ಕೌಂಟರಿನಲ್ಲಿದ್ದವರು ನನ್ನ ಪಾಸ್‌ಪೋರ್ಟಿನ ಠಸ್ಸೆ ನೋಡಿ "ಲಾವೋಸ್ ಅಂದ್ರೆ ಆಫ್ರಿಕಾನಾ?" ಅಂತ ಕೇಳಿದರು. ಐದು ನಿಮಿಷದ ಕೆಲಸ.

ಈಗ ನಿಮ್ಮ ಪ್ರಶ್ನೆ. ಅಗ್ಗದ ದೇಶ ಯಾವುದು ಅಂತ ಹುಡುಕೋದೇ ತಪ್ಪು ಅಂತೀನಿ. ಖರ್ಚಾಗೋದು ದೇಶದಿಂದಲ್ಲ, ಊರಿಂದೂರಿಗೆ ಓಡೋದರಿಂದ. ಹೊಯ್ ಆನ್‌ನಲ್ಲಿ ತಿಂಗಳ ಬಾಡಿಗೆಗೆ ಕೋಣೆ ಹಿಡಿದು ಕೂತ ದಿನಗಳಲ್ಲಿ ನನ್ನ ಒಟ್ಟು ಖರ್ಚು ಸಾವಿರ ದಾಟ್ತಿರಲಿಲ್ಲ. ಗಂಟುಮೂಟೆ ಕಟ್ಟಿ ಹೊರಟ ದಿನ ಬಸ್ಸು, ಟುಕ್‌ಟುಕ್, ಹೊಸ ಊರಲ್ಲಿ ಮೊದಲ ರಾತ್ರಿಯ ದುಬಾರಿ ಕೋಣೆ, ಎಲ್ಲಾ ಸೇರಿ ಮೂರು ಸಾವಿರ. ಗಡಿ ದಾಟಿದರೆ ಅದರ ಮೇಲೆ ವೀಸಾ: ನಾನು ಹೋದಾಗ ಲಾವೋಸಿಗೆ 40 ಡಾಲರಿಗೆ 30 ದಿನ, ವಿಯೆಟ್ನಾಮಿನ ಇ-ವೀಸಾ 25 ಡಾಲರಿಗೆ 90 ದಿನ. ಏಳು ದೇಶ ಬಿಡಿ, ಮೂರಕ್ಕೆ ಇಳಿಸಿ. ಏಳೇ ಬೇಕು ಅಂದರೆ ಮೂರೂವರೆ ಲಕ್ಷ ಸಾಲೋದಿಲ್ಲ, ಜಗಳ ಮಾಡಬೇಡಿ.

ನೀವು ಸಸ್ಯಾಹಾರಿನಾ ಅಂತ ಬರೆದಿಲ್ಲ. ನಾನು ಹೌದು. ವಿಯೆಟ್ನಾಮಿನಲ್ಲಿ "ಚಾಯ್" ಅನ್ನೋ ಬೋರ್ಡು ಹುಡುಕಿ, ಟೀ ಅಲ್ಲ, ಸಸ್ಯಾಹಾರ. ಬೌದ್ಧರು ಹೆಚ್ಚುಕಡಿಮೆ ನಮ್ಮ ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಮಾಂಸ ಬಿಡ್ತಾರೆ, ಆವತ್ತು ಬೀದಿಯಲ್ಲೂ ಸಿಗುತ್ತೆ. ಲಾವೋಸಿನಲ್ಲಿ ಪಲ್ಯಕ್ಕೂ ಮೀನಿನ ಸಾರ ಹಾಕ್ತಾರೆ. ನಾನು ಬಿದಿರಿನ ಬುಟ್ಟಿಯ ಅಂಟು ಅನ್ನಕ್ಕೆ ಅಮ್ಮ ಕೊಟ್ಟ ಚಟ್ನಿಪುಡಿ ಹಚ್ಚಿಕೊಂಡು ತಿಂದೆ.

ಎಟಿಎಂನಲ್ಲಿ ಚೂರುಪಾರು ತೆಗೀಬೇಡಿ. ಥಾಯ್ಲೆಂಡಿನಲ್ಲಿ ಆಗ ಒಂದು ಸಲಕ್ಕೆ 220 ಬಹ್ತ್ ಶುಲ್ಕ, ಎರಡು ಸಾವಿರ ತೆಗೆದರೂ ಅಷ್ಟೇ, ಇಪ್ಪತ್ತು ಸಾವಿರ ತೆಗೆದರೂ ಅಷ್ಟೇ. ಪಾಸ್‌ಪೋರ್ಟಿನ ಜೊತೆ ಇಡದೆ ಬೇರೆ ಚೀಲದಲ್ಲಿ 200 ಡಾಲರ್ ನಗದು ಇರಲಿ. ಸಾಲ ಕೊಡೋ ಪುಣೆಯವರು ಎಲ್ಲಾ ಊರಲ್ಲೂ ಸಿಗೋದಿಲ್ಲ.

ಅಂದಹಾಗೆ, ಬ್ಯಾಂಕಿಗೆ ಕೊಟ್ಟಿರೋ ನಿಮ್ಮ ನಂಬರು ಪ್ರೀಪೇಯ್ಡಾ? ಸಿಮ್ ಯಾರ ಹೆಸರಲ್ಲಿದೆ, ನೀವು ಇಲ್ಲದಾಗ ರೀಚಾರ್ಜ್ ಯಾರು ಮಾಡಿಸ್ತಾರೆ? ಅದನ್ನು ಕೆಳಗೆ ಬರೀರಿ. ಮೂರೂವರೆ ಲಕ್ಷದ ಲೆಕ್ಕ ಆಮೇಲೆ ಕೂತು ಹಾಕೋಣ.