ಚೀಟಿ ಕಳಿಸಿದ ಅಪ್ಪ, ಎದ್ದು ಹೋದ ಮಗಳು

ಪ್ರಶ್ನೆ: ನಾನು ಮೂಲತಃ ಮುಳಬಾಗಿಲಿನವನು, ಈಗ ಕೋಲಾರದಲ್ಲಿ ನೆಲೆಸಿರುವ 62 ವರ್ಷದ ನಿವೃತ್ತ ಸರ್ಕಾರಿ ನೌಕರ. ಸಂಗೀತ ಕಲಿತವನಲ್ಲ, ಆದರೆ ಸಂಗೀತ ಕಚೇರಿ ಎಂದರೆ ಪ್ರಾಣ. ಹುಡುಗನಾಗಿದ್ದಾಗ ರೇಡಿಯೊದಲ್ಲಿ ಕೇಳಿದ ವ್ಯಾಸರಾಯರ 'ಕೃಷ್ಣಾ ನೀ ಬೇಗನೆ ಬಾರೋ' ಇಂದಿಗೂ ನನಗೆ ಎಲ್ಲಕ್ಕಿಂತ ಪ್ರಿಯವಾದ ಹಾಡು. ಯಾರ ಕಚೇರಿಗೆ ಹೋದರೂ ಅದನ್ನು ಹಾಡಬೇಕೆಂದು ಚೀಟಿ ಕಳಿಸುತ್ತೇನೆ. ಕಳೆದ ರಾಮನವಮಿಯ ದಿನಗಳಲ್ಲಿ, ನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ನನ್ನ ಮಗಳು ತಾನೇ ಟಿಕೆಟ್ ಕೊಂಡು ಬೆಂಗಳೂರಿನ ಕಚೇರಿಯೊಂದಕ್ಕೆ ನನ್ನನ್ನು ಕರೆದೊಯ್ದಳು. ಗಾಯಕಿ ಕಲ್ಯಾಣಿ ರಾಗವನ್ನು ಮುಕ್ಕಾಲು ಗಂಟೆಗೂ ಮೀರಿ ವಿಸ್ತರಿಸಿದರು. ಮಗಳು ಕಣ್ಣು ಮುಚ್ಚಿ ಕುಳಿತಿದ್ದಳು. ನನ್ನ ಮೊದಲ ಚೀಟಿಗೆ ಉತ್ತರ ಬರಲಿಲ್ಲವೆಂದು ಬಸ್ ಟಿಕೆಟ್ಟಿನ ಹಿಂಬದಿಯಲ್ಲಿ ಇನ್ನೊಂದು ಬರೆದು, ಅವಳ ಮೊಣಕೈ ತಟ್ಟಿ, ಆ ಬದಿಯಲ್ಲಿದ್ದ ಸ್ವಯಂಸೇವಕನಿಗೆ ದಾಟಿಸಲು ಹೇಳಿದೆ. ಕೊನೆಯಲ್ಲಿ ಬೇರೆ ದೇವರನಾಮ ಶುರುವಾಗುವ ಹೊತ್ತಿಗೆ ತಡೆಯಲಾರದೆ ಎದ್ದು ನಿಂತು ಬಾಯಿಬಿಟ್ಟು ಕೇಳಿದೆ. ಅವರು ನಕ್ಕು, ಪಲ್ಲವಿಯನ್ನೂ ಒಂದು ಚರಣವನ್ನೂ ಹಾಡಿದರು; ನಾನೂ ದನಿಗೂಡಿಸಿದೆ. ಹಿಂದಿನ ಸಾಲಿನವರು 'ಶ್' ಎಂದರು. ಮಗಳು ಎದ್ದು ಹೋಗಿ ಪೆಂಡಾಲಿನ ಹೊರಗೆ ಕಾಫಿ ಮಾರುವಲ್ಲಿ ನಿಂತಳು. ಬಸ್ಸಿನಲ್ಲಿ ಮಾತಿಲ್ಲ. ಮನೆ ತಲುಪಿದ ಮೇಲೆ, 'ಇನ್ಮೇಲೆ ಕಚೇರಿಗೆ ನಾನೊಬ್ಬಳೇ ಹೋಗ್ತೀನಪ್ಪ' ಎಂದಳು. ಕನ್ನಡದ ಹಾಡನ್ನು, ಅದೂ ನಮ್ಮೂರಿನ ಶ್ರೀಪಾದರಾಜರ ಶಿಷ್ಯರ ಹಾಡನ್ನು ಕೇಳುವುದು ತಪ್ಪೇ? ಮಗಳನ್ನು ಮತ್ತೆ ಹೇಗೆ ಒಪ್ಪಿಸಲಿ?
— ಓದುಗರು, ಕೋಲಾರ

ಉತ್ತರ: ಮಾನ್ಯರೇ,

ಇಷ್ಟದ ಹಾಡನ್ನು ಕೇಳಿ ಚೀಟಿ ಕಳಿಸುವುದು ತಪ್ಪಲ್ಲ. ನಮ್ಮ ಕಡೆಯ ಕಚೇರಿಗಳಲ್ಲಿ ಅದು ಬಹುಕಾಲದಿಂದ ನಡೆದುಬಂದಿರುವ ಪದ್ಧತಿ, ಮತ್ತು ಎಷ್ಟೋ ಗಾಯಕರು ಕೊನೆಯ ಅರ್ಧ ಗಂಟೆಯನ್ನು ಚೀಟಿಗಳಿಗೆಂದೇ ಬಿಟ್ಟುಕೊಂಡಿರುತ್ತಾರೆ. ಸಭೆಯಲ್ಲಿ ಯಾರಿಗೆ ಏನು ಬೇಕೆಂದು ವೇದಿಕೆಯ ಮೇಲಿರುವವರಿಗೆ ಗೊತ್ತಾಗುವ ಸಭ್ಯ ದಾರಿ ಅದೊಂದೇ. ನಿಮ್ಮ ಮೊದಲ ಚೀಟಿಯ ಬಗ್ಗೆ ನಾನಾಗಲಿ, ನನಗೆ ತೋರುವ ಮಟ್ಟಿಗೆ ನಿಮ್ಮ ಮಗಳಾಗಲಿ ಆಕ್ಷೇಪವೆತ್ತುವಂತಿಲ್ಲ. ಮಾತು ಇರುವುದು ಎರಡನೆಯ ಚೀಟಿಯಿಂದ ಮುಂದಕ್ಕೆ.

ಆ ಸಂಜೆ ಗಾಯಕಿ ಏಕೆ ಸುಮ್ಮನಿದ್ದರು ಎಂಬುದಕ್ಕೆ ನಿಮ್ಮ ಪತ್ರದಲ್ಲಿಯೇ ಉತ್ತರವಿದೆ. ಅವರು ಕಲ್ಯಾಣಿಯನ್ನು ಪ್ರಧಾನ ರಾಗವಾಗಿ ಎತ್ತಿಕೊಂಡಿದ್ದರು. ನೀವು ಕೇಳಿದ ಹಾಡು ಸಾಮಾನ್ಯವಾಗಿ ಯಮುನಾಕಲ್ಯಾಣಿಯಲ್ಲಿದೆ; ಅದು ಕಲ್ಯಾಣಿಯ ತೀರ ಹತ್ತಿರದ ನೆಂಟ. ಕಲ್ಯಾಣಿಯಲ್ಲಿ ಇರುವುದು ಮಧ್ಯಮ ಸ್ವರದ ಎತ್ತರದ ರೂಪವಾದ ಪ್ರತಿಮಧ್ಯಮ ಮಾತ್ರ, ಯಮುನಾಕಲ್ಯಾಣಿಯಲ್ಲಿ ಅಲ್ಲಲ್ಲಿ ಅದರ ತಗ್ಗಿನ ರೂಪವಾದ ಶುದ್ಧ ಮಧ್ಯಮವೂ ಇಣುಕಿ ಹೋಗುತ್ತದೆ ಎಂಬ ಸೂಕ್ಷ್ಮವನ್ನು ಬಿಟ್ಟರೆ ಎರಡರ ನಡಿಗೆಯೂ ಬಹುಪಾಲು ಒಂದೇ ಬೀದಿಯಲ್ಲಿ. ಆಲಾಪನೆ (ಸಾಹಿತ್ಯವಿಲ್ಲದ ರಾಗವಿಸ್ತಾರ), ಕೃತಿ, ನೆರವಲ್ (ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವುದು), ಸ್ಥಳದಲ್ಲೇ ಹೆಣೆಯುವ ಕಲ್ಪನಾಸ್ವರಗಳೆಂದು ಮುಕ್ಕಾಲು ಗಂಟೆ ಕಲ್ಯಾಣಿಯಲ್ಲಿ ಕಳೆದು, ಮೃದಂಗದವರು ಒಂಟಿಯಾಗಿ ನುಡಿಸುವ ತನಿ ಆವರ್ತನ ಮುಗಿದ ಕೂಡಲೇ ಮತ್ತೆ ಅದರ ಛಾಯೆಯುಳ್ಳ ರಾಗಕ್ಕೇ ಬರಲು ಅನೇಕ ಗಾಯಕರು ಒಪ್ಪುವುದಿಲ್ಲ. ಕೇಳುಗರ ಕಿವಿಗೆ ಬದಲಾವಣೆ ಬೇಕು ಎಂಬುದು ಕಚೇರಿಯನ್ನು ಜೋಡಿಸುವವರ ಮೊದಲ ಲೆಕ್ಕ. ಆದುದರಿಂದಲೇ ಅವರು ಬೇರೊಂದು ದೇವರನಾಮಕ್ಕೆ ಹೊರಟಿದ್ದರು. ನಿಮ್ಮ ಚೀಟಿಯನ್ನು ಅವರು ಕಡೆಗಣಿಸಿರಲಿಲ್ಲ, ಓದಿಯೇ ಬದಿಗಿಟ್ಟಿರಬೇಕು. ಕಡೆಗೆ ನಿಮ್ಮ ಕೂಗಿಗೆ ಮಣಿದು ಪಲ್ಲವಿ ಮತ್ತು ಒಂದೇ ಚರಣ ಹಾಡಿ ಮುಗಿಸಿದ್ದು ಅವರ ಸೌಜನ್ಯ. ಒಪ್ಪಿಗೆ ಬೇರೆ, ಸೌಜನ್ಯ ಬೇರೆ; ಆ ನಗುವಿನಲ್ಲಿ ನಿಮಗೆ ಒಪ್ಪಿಗೆ ಕಂಡಿತು, ನಿಮ್ಮ ಮಗಳಿಗೆ ಸೌಜನ್ಯ ಕಂಡಿತು.

ಕನ್ನಡದ ಹಾಡು ಎಂಬ ನಿಮ್ಮ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮುಳಬಾಗಿಲಿನ ಶ್ರೀಪಾದರಾಜರ ಬಳಿ ವ್ಯಾಸರಾಯರು ವಿದ್ಯೆ ಕಲಿತದ್ದು, ಮುಂದೆ ವಿಜಯನಗರದಲ್ಲಿ ಕೃಷ್ಣದೇವರಾಯನಿಂದ ಗುರುವಿನ ಗೌರವ ಪಡೆದದ್ದು, ದಾಸಸಾಹಿತ್ಯದ ದೊಡ್ಡ ಹೊಳೆಗೆ ನಿಮ್ಮ ಊರಿನ ನೀರೂ ಸೇರಿರುವುದು, ಇವೆಲ್ಲ ಹೆಮ್ಮೆಪಡಬೇಕಾದ ಸಂಗತಿಗಳೇ. ಇಂದಿನ ಕಚೇರಿಯ ಚೌಕಟ್ಟನ್ನು ರೂಢಿಗೆ ತಂದವರಲ್ಲಿ ಪ್ರಮುಖರಾದ ಅರಿಯಕುಡಿ ರಾಮಾನುಜ ಅಯ್ಯಂಗಾರ್ (1890–1967) ಅವರ ಕಾಲದಿಂದಲೂ ವರ್ಣವೆಂಬ ರಚನೆಯಲ್ಲಿ ಆರಂಭ, ನಡುವೆ ದೊಡ್ಡ ಕೃತಿಗಳು, ಪ್ರಧಾನ ರಾಗ, ತನಿ, ಆಮೇಲೆ ಪದ, ಜಾವಳಿ, ದೇವರನಾಮಗಳೆಂಬ ಕಿರಿಯ ರಚನೆಗಳು, ಕೊನೆಗೆ ಮಂಗಳ ಎಂಬ ಕ್ರಮ ನಿಂತುಬಿಟ್ಟಿದೆ. ಹೀಗಾಗಿ ಕರ್ನಾಟಕದ ಊರುಗಳಲ್ಲಿಯೂ ಕನ್ನಡದ ಸಾಹಿತ್ಯ ಹೆಚ್ಚಾಗಿ ಕೇಳಿಬರುವುದು, ಜನ ಚಪ್ಪಲಿ ಹುಡುಕಲು ಏಳುವ ಹೊತ್ತಿನಲ್ಲಿ. ಇದು ನನಗೂ ಬೇಸರದ ವಿಷಯ. ದಾಸರ ಪದವೊಂದನ್ನು ಪ್ರಧಾನವಾಗಿ ಎತ್ತಿಕೊಂಡು ನೆರವಲ್ ಮಾಡುವ ಗಾಯಕರು ಇನ್ನೂ ಹೆಚ್ಚಬೇಕೆಂದು ನಾನೂ ಬಯಸುತ್ತೇನೆ. ಆದರೆ ಅದನ್ನು ಸಂಘಟಕರಿಗೆ ಕಚೇರಿಗೆ ಮುಂಚೆಯೇ ಬರೆದು ತಿಳಿಸಬಹುದು, ಗಾಯಕರಿಗೆ ಕಚೇರಿ ಮುಗಿದ ಮೇಲೆ ಹೇಳಬಹುದು. ಕಲ್ಯಾಣಿ ನಡೆಯುತ್ತಿರುವಾಗ ಹೋದ ಎರಡನೆಯ ಚೀಟಿ, ಹುಳಿ ಬಡಿಸುತ್ತಿರುವವರನ್ನು ತಡೆದು ಪಾಯಸ ಕೇಳಿದಂತೆ. ಅದರಿಂದ ಪಾಯಸದ ಮಾನ ಹೆಚ್ಚುವುದಿಲ್ಲ.

ಈಗ ನನಗೆ ಮುಖ್ಯವೆಂದು ಕಂಡ ಸಂಗತಿಗೆ ಬರುತ್ತೇನೆ. ನಿಮ್ಮ ಪತ್ರವನ್ನು ಓದಿದರೆ ನಿಮಗೆ ಯಾವ ಹಾಡು ಇಷ್ಟ, ಅದನ್ನು ಮೊದಲು ಎಲ್ಲಿ ಕೇಳಿದಿರಿ, ಯಾವ ಚರಣದವರೆಗೆ ಹಾಡಿದರು ಎಂಬುದೆಲ್ಲ ತಿಳಿಯುತ್ತದೆ. ನಿಮ್ಮ ಮಗಳಿಗೆ ಯಾವ ರಾಗ ಇಷ್ಟ, ಆ ಗಾಯಕಿಯ ಕಚೇರಿಯನ್ನೇ ಅವಳು ಏಕೆ ಆರಿಸಿದಳು ಎಂಬುದು ತಿಳಿಯುವುದಿಲ್ಲ. ಅವಳ ಬಗ್ಗೆ ಇರುವುದು, ಕಣ್ಣು ಮುಚ್ಚಿ ಕುಳಿತಿದ್ದಳು ಎಂಬ ಒಂದು ವಾಕ್ಯ. ನಿಮಗೆ ಅರಿವಿಲ್ಲದೆಯೇ ಬಂದಿರುವ ಆ ವಾಕ್ಯದಲ್ಲಿ ಆ ಸಂಜೆಯ ಕಥೆಯೆಲ್ಲ ಇದೆ. ವಾರವಿಡೀ ಯಂತ್ರಗಳ ಸದ್ದಿನ ನಡುವೆ ದುಡಿದು, ಟಿಕೆಟ್ ಕೊಂಡು, ಅಪ್ಪನನ್ನೂ ಕರೆದುಕೊಂಡು ಎಪ್ಪತ್ತು ಕಿಲೋಮೀಟರ್ ಬಂದ ಹುಡುಗಿ ಕಲ್ಯಾಣಿಯೊಳಗೆ ಇಳಿದಿದ್ದ ಹೊತ್ತಿನಲ್ಲಿ ಮೊಣಕೈಗೆ ತಟ್ಟಿ, ಬಸ್ ಟಿಕೆಟ್ಟಿನ ಹಿಂಬದಿಯ ಚೀಟಿಯನ್ನು ಅವಳ ಕೈಯಿಂದಲೇ ದಾಟಿಸಿದಿರಿ. ಹಾಡುತ್ತಿರುವುದು ಬೇಡ, ಬೇರೆಯದು ಬೇಕು ಎಂಬ ಸಂದೇಶವನ್ನು, ಅದೇ ತನಗೆ ಬೇಕಾಗಿದ್ದ ಮಗಳು ಕೊಂಡೊಯ್ಯಬೇಕಾಯಿತು. ಹಿಂದಿನ ಸಾಲಿನವರ 'ಶ್' ಅವಳಿಗೆ ಮುಜುಗರ ತಂದಿರಬಹುದು, ಆದರೆ ಅವಳು ಎದ್ದು ಹೋದದ್ದು ಅದೊಂದರಿಂದಲೇ ಎಂದು ನನಗೆ ಅನ್ನಿಸುವುದಿಲ್ಲ.

ಅಭಿಮಾನಿಗಳಲ್ಲಿ ಎರಡು ಬಗೆಯವರಿರುತ್ತಾರೆ, ಇಬ್ಬರೂ ನಿಜವಾದ ರಸಿಕರೇ. ಕೆಲವರು ತಮ್ಮೊಳಗೆ ಆಗಲೇ ಇರುವ ಹಾಡನ್ನು ಮತ್ತೊಮ್ಮೆ ಎದುರು ಕಾಣಲು ಹೋಗುತ್ತಾರೆ. ಮೊದಲ ಸಾಲು ಬಂದೊಡನೆ ಅವರಿಗೆ ಮೈಯೆಲ್ಲ ಪುಳಕ. ಇನ್ನು ಕೆಲವರು ಹೋಗುವುದು, ಆ ಸಂಜೆಯವರೆಗೆ ಹುಟ್ಟಿಯೇ ಇರದ ಸಂಗತಿಯೊಂದು ಕಣ್ಣೆದುರಿಗೇ ಹುಟ್ಟುವುದನ್ನು ಕೇಳಲು. ಅಂದು ಹಾಡಿದ ಆಲಾಪನೆಯನ್ನು ಅದೇ ಗಾಯಕಿ ಮತ್ತೆ ಹಾಗೆಯೇ ಹಾಡಲಾರರು. ಪಿಟೀಲಿನವರು ಒಂದು ಎಳೆಯನ್ನು ಹಿಡಿದು ಮುಂದುವರಿಸಿದ್ದು, ಅದನ್ನು ಕೇಳಿ ಗಾಯಕಿ ದಾರಿ ಬದಲಿಸಿದ್ದು, ಸಭೆ 'ಭೇಷ್' ಎಂದದ್ದು, ಎಲ್ಲವೂ ಅಲ್ಲಿಗೇ ಮುಗಿಯಿತು. ನೀವು ಮೊದಲ ಬಗೆಯವರು, ಮಗಳು ಎರಡನೆಯ ಬಗೆಯವಳು ಎಂದು ನನ್ನ ಊಹೆ. ಒಂದೇ ಸಾಲಿನಲ್ಲಿ ಇಬ್ಬರೂ ಕುಳಿತುಕೊಳ್ಳಬಹುದು. ಆದರೆ ಮೊದಲ ಬಗೆಯವರಿಗೆ ಇಷ್ಟದ ಹಾಡು ಬರುವವರೆಗಿನ ಎರಡೂವರೆ ಗಂಟೆ ಬರೀ ಕಾಯುವಿಕೆಯಾಗಿಬಿಟ್ಟರೆ ಪಕ್ಕದವರಿಗೆ ಅದು ತಿಳಿದೇ ತಿಳಿಯುತ್ತದೆ.

ನಿಮ್ಮ ಹಾಡಿನ ಮೂಲಕವೇ ಆ ಎರಡನೆಯ ರುಚಿಗೆ ಹೋಗುವ ದಾರಿಯೂ ಇದೆ. ನಾಟ್ಯ ಕಲಾವಿದೆ ಟಿ. ಬಾಲಸರಸ್ವತಿ ಅವರು ಇದೇ ಪದಕ್ಕೆ ಮಾಡುತ್ತಿದ್ದ ಅಭಿನಯ ಬಹಳ ಪ್ರಸಿದ್ಧ. ಸತ್ಯಜಿತ್ ರಾಯ್ ಅವರು 1976ರಲ್ಲಿ ಆಕೆಯನ್ನು ಕುರಿತು ತೆಗೆದ ಸಾಕ್ಷ್ಯಚಿತ್ರದಲ್ಲಿ ಆಕೆ ಕಡಲ ದಂಡೆಯಲ್ಲಿ ಅದನ್ನು ಅಭಿನಯಿಸುತ್ತಾರೆ. ಬಾ ಎಂದು ಮಗುವನ್ನು ಕರೆಯುವ ಒಂದೇ ಸಾಲು ಮತ್ತೆ ಮತ್ತೆ ಬಂದಾಗ ಒಮ್ಮೆ ಮುದ್ದು, ಒಮ್ಮೆ ಹುಸಿಮುನಿಸು, ಒಮ್ಮೆ ಬೇಡಿಕೆ. ಅದನ್ನು ಮಗಳೊಂದಿಗೆ ಕುಳಿತು ನೋಡಿ. ನೀವು ಇಷ್ಟು ವರ್ಷ ಒಂದೇ ಬಗೆಯಲ್ಲಿ ಕೇಳಿದ ಸಾಲು ಎಷ್ಟು ಬಗೆಯಲ್ಲಿ ತೆರೆದುಕೊಳ್ಳಬಲ್ಲದು ಎಂಬುದು ಕಂಡರೆ, ಅವಳು ಕಲ್ಯಾಣಿಯಲ್ಲಿ ಏನನ್ನು ಹುಡುಕುತ್ತಿದ್ದಳು ಎಂಬುದೂ ನಿಮಗೆ ಹೊಳೆದೀತು.

ದನಿಗೂಡಿಸುವ ವಿಷಯ. ಅದಕ್ಕೆ ನೀವು ಬೆಂಗಳೂರಿಗೆ ಹೋಗಬೇಕಾಗಿಯೇ ಇಲ್ಲ. ಜ್ಯೇಷ್ಠ ಶುದ್ಧ ಚತುರ್ದಶಿಯಂದು ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಆರಾಧನೆಯಿರುತ್ತದೆ; ದಾಸರ ಪದಗಳನ್ನು ತಾಳ ಹಿಡಿದು ಎಲ್ಲರೊಡನೆ ಹಾಡಲು ಅದಕ್ಕಿಂತ ತಕ್ಕ ಜಾಗ ನಿಮಗೆ ಬೇರೊಂದಿಲ್ಲ. ಆಷಾಢದ ಗುರುಪೂರ್ಣಿಮೆಗೆ ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ 72 ಗಂಟೆಗಳ ಅಖಂಡ ಸಂಗೀತೋತ್ಸವ ನಡೆಯುತ್ತದೆ. ಕೈವಾರದ ಸಂತಕವಿ ಯೋಗಿ ನಾರೇಯಣ ತಾತಯ್ಯನವರ ತೆಲುಗು, ಕನ್ನಡ ಪದಗಳೂ ಭಜನೆಯ ತಂಡಗಳೂ ಅಲ್ಲಿ ಹಗಲು ರಾತ್ರಿ ಎನ್ನದೆ ಕೇಳುತ್ತವೆ. ಭಜನೆಯಲ್ಲಿ ಬಾಯಿ ಮುಚ್ಚಿ ಕುಳಿತವನೇ ತಪ್ಪಿತಸ್ಥ, ಕಚೇರಿಯಲ್ಲಿ ಬಾಯಿ ತೆರೆದವನು. ಕಚೇರಿಯಲ್ಲಿ ಗಾಯಕರ ದನಿಗೂ ಶ್ರುತಿಗೂ ನಡುವೆ ಇನ್ನೊಂದು ದನಿ ಬಂದರೆ, ಅದು ಎಷ್ಟು ಭಕ್ತಿಯದಾಗಿದ್ದರೂ, ಮುಂದಿನ ಸಾಲಿನವರಿಗೆ ಕೇಳುವುದು ಅದೇ. ಕುರ್ಚಿಯ ಕೈ ಮೇಲೆ ತಾಳ ತಟ್ಟುವ ಅಭ್ಯಾಸವೂ ಇದ್ದರೆ ಅದನ್ನು ತೊಡೆಯ ಮೇಲೆ, ಬೆರಳ ತುದಿಯಲ್ಲಿ ಮುಗಿಸಿಕೊಳ್ಳಿ.

ಮಗಳೊಂದಿಗೆ ಮಾತಾಡುವುದನ್ನು ಮುಂದಿನ ಕಚೇರಿಯವರೆಗೆ ಮುಂದೂಡಬೇಡಿ. ಟಿಕೆಟ್ ಕೊಳ್ಳುವ ಹೊತ್ತಿಗೆ ಆಡಿದರೆ ಅದು ಟಿಕೆಟ್ಟಿಗಾಗಿ ಆಡಿದ ಮಾತಾಗುತ್ತದೆ. ಕೆಲಸವಿಲ್ಲದ ಒಂದು ದಿನ ಅವಳೊಬ್ಬಳೇ ಇರುವಾಗ, ನಾನು ಎದ್ದು ನಿಂತು ಕೇಳಿದ್ದು ತಪ್ಪು, ಅದಕ್ಕಿಂತ ನೀನು ಕೇಳುತ್ತಿದ್ದಾಗ ತಟ್ಟಿ ಚೀಟಿ ಕೊಟ್ಟದ್ದು ತಪ್ಪು ಎಂದು ನೇರವಾಗಿ ಹೇಳಿ. 'ಎಲ್ಲರೂ ಚೀಟಿ ಕಳಿಸುತ್ತಾರಮ್ಮ', 'ಹಾಡಿದರಲ್ಲ, ಅವರಿಗೇನೂ ಬೇಜಾರಾಗಲಿಲ್ಲ' ಎಂಬ ಬಾಲವನ್ನು ಸೇರಿಸಬೇಡಿ. ಆಮೇಲೆ ಅವಳು ಆ ಸಂಜೆ ಏನು ಕೇಳಿದಳೆಂದು ವಿಚಾರಿಸಿ. ಉತ್ತರ ಉದ್ದವಾಗಿರಬಹುದು, ನಿಮಗೆ ಅರ್ಥವಾಗದ ರಾಗಗಳ ಹೆಸರುಗಳಿರಬಹುದು. ಸಂಗೀತ ಕಲಿತಿಲ್ಲ ಎಂದು ನೀವೇ ಬರೆದಿದ್ದೀರಿ, ಕೇಳಿ ತಿಳಿದುಕೊಳ್ಳಲು ಅದು ಒಳ್ಳೆಯ ನೆಪ. ನಿಮ್ಮ ಹಾಡನ್ನು ಆ ಮಾತುಕತೆಯೊಳಕ್ಕೆ ನೀವಾಗಿ ತರಬೇಡಿ.

ಅವಳು ಮತ್ತೆ ಕರೆದರೆ, ಆ ಒಂದು ಕಚೇರಿಗಾದರೂ ಚೀಟಿಯಿಲ್ಲದೆ ಹೋಗಿ. ಆಮೇಲೆ ಬೇಕೆನಿಸಿದರೆ ಒಂದೇ ಚೀಟಿ, ಕಚೇರಿ ಶುರುವಾಗುವ ಮುಂಚೆಯೇ ಸಂಘಟಕರ ಕೈಗೆ, ಜೊತೆಗೆ ಇನ್ನೊಂದು ಪರ್ಯಾಯವನ್ನೂ ಬರೆದು. ಒಂದು ಹಾಡಿನ ರಾಗ ಆ ದಿನಕ್ಕೆ ಒದಗದಿದ್ದರೆ ಇನ್ನೊಂದು ಒದಗಬಹುದು, ಗಾಯಕರಿಗೂ ಅನುಕೂಲ.

ಅವಳು ಕರೆಯದೆಯೂ ಇರಬಹುದು. ತನ್ನ ದುಡಿಮೆಯ ಹಣದಲ್ಲಿ, ತನ್ನ ಬಿಡುವಿನ ಹೊತ್ತಿನಲ್ಲಿ ಒಬ್ಬಳೇ ಕುಳಿತು ಕೇಳಬೇಕೆಂದು ಅವಳಿಗೆ ಅನ್ನಿಸಿದರೆ ಅದು ನಿಮ್ಮ ಮೇಲಿನ ಮುನಿಸೇ ಆಗಿರಬೇಕೆಂದಿಲ್ಲ. ಆಗ ಮನೆಯವರನ್ನು ರಾಯಭಾರಕ್ಕೆ ಕಳಿಸಬೇಡಿ. ನಿಮ್ಮ ಕಚೇರಿಗೆ ನೀವು ಬೇರೆ ದಿನ ಹೋಗಿ ಬನ್ನಿ. ಅವಳು ರಾತ್ರಿ ಕಚೇರಿ ಮುಗಿಸಿ ಬರುವ ದಿನ ಬಸ್ ನಿಲ್ದಾಣಕ್ಕೆ ಗಾಡಿ ತೆಗೆದುಕೊಂಡು ಹೋಗುವ ಕೆಲಸ ನಿಮ್ಮದಿರಲಿ. ದಾರಿಯಲ್ಲಿ, ಇವತ್ತು ಪ್ರಧಾನ ರಾಗ ಯಾವುದು ಎಂದು ಕೇಳಬಹುದು.